ಅಕ್ಷರ ಬಂದ ಮೇಲೆ, ಓದು ಬರುವವರೆಗೆ

ಏಳು ವರ್ಷ ತುಂಬಿದ, ಯಾವುದಾದರೂ ಒಂದು ಭಾಷೆಯನ್ನು ಅರ್ಥ ಮಾಡಿಕೊಂಡು ಓದಲು ಮತ್ತು ಬರೆಯಲು ಬಲ್ಲ ವ್ಯಕ್ತಿಯನ್ನು ಭಾರತದ ಜನಗಣತಿ ಸಾಕ್ಷರನೆಂದು ಲೆಕ್ಕಕ್ಕೆ ತೆಗೆದುಕೊಳ್ಳುತ್ತದೆ. ಆತ ಶಾಲೆಗೆ ಹೋಗಿರಬೇಕೆಂಬ ನಿಬಂಧನೆಯಾಗಲಿ, ಯಾವುದೋ ತರಗತಿಯಲ್ಲಿ ತೇರ್ಗಡೆಯಾಗಿರಬೇಕೆಂಬ ನಿಬಂಧನೆಯಾಗಲಿ ಅಲ್ಲಿಲ್ಲ. ವಯಸ್ಸಿನ ಮಿತಿ ಒಂದೆರಡು ಬಾರಿ ಬದಲಾಗಿದ್ದರೂ ಈ ಲೆಕ್ಕ ತೋರಿಸುವ ಏರಿಕೆ ಸ್ಪಷ್ಟವಾಗಿದೆ: 1951ರಲ್ಲಿ ದೇಶದ ಸಾಕ್ಷರತೆ ಶೇ. 18ರ ಆಸುಪಾಸಿನಲ್ಲಿದ್ದರೆ 2011ರಲ್ಲಿ ಅದು ಶೇ. 73ಕ್ಕೆ ತಲುಪಿತ್ತು. ಅದೇ ವರ್ಷ ಕರ್ನಾಟಕದ ಪ್ರಮಾಣ ಶೇ. 75.36 ಇದ್ದು, ಅದರೊಳಗೆ ಪುರುಷರದು ಶೇ. 82.47, ಮಹಿಳೆಯರದು ಶೇ. 68.08 ಆಗಿತ್ತು, ದಕ್ಷಿಣ ಕನ್ನಡ ಜಿಲ್ಲೆ ಶೇ. 88ನ್ನು ದಾಟಿದ್ದಾಗ ಯಾದಗಿರಿ ಶೇ. 52ನ್ನೂ ಮುಟ್ಟಿರಲಿಲ್ಲ. ಆದರೆ ಈ ಅಂಕಿಗಳೆಲ್ಲ ಹುಟ್ಟುವುದು ಮನೆ ಬಾಗಿಲಲ್ಲಿ ಗಣತಿದಾರರು ಕೇಳುವ ಪ್ರಶ್ನೆಗೆ ಮನೆಯವರಲ್ಲಿ ಒಬ್ಬರು ಕೊಡುವ ಉತ್ತರದಿಂದಲೇ ಹೊರತು ಯಾರ ಮುಂದೆಯೂ ಪುಸ್ತಕ ಹಿಡಿದು ಓದಿಸಿದ್ದರಿಂದ ಅಲ್ಲ. ಅಲ್ಲದೆ, ಓದು ಎಂಬ ಸಾಮರ್ಥ್ಯಕ್ಕೆ ಇರುವ ನೂರಾರು ಮಟ್ಟಗಳನ್ನು ಗಣತಿಯು ಹೌದು ಮತ್ತು ಇಲ್ಲ ಎಂಬ ಎರಡೇ ಮನೆಗಳಲ್ಲಿ ಕೂರಿಸುತ್ತದೆ. ಹೆಬ್ಬೆಟ್ಟನ್ನು ಬಿಟ್ಟು ಸಹಿ ಹಾಕಲು ಕಲಿತವರೂ ದಿನಪತ್ರಿಕೆಯ ಸಂಪಾದಕೀಯವನ್ನು ಓದಿ ವಾದಿಸುವವರೂ ಆ ಲೆಕ್ಕದಲ್ಲಿ ಒಂದೇ ಮನೆಯವರು. ವಯಸ್ಕರ ಸಾಕ್ಷರತೆಯ ಕಥೆಯಲ್ಲಿ ಬಹಳಷ್ಟು ಸೋಲುಗಳು ಈ ಎರಡು ಮಟ್ಟಗಳ ನಡುವಣ ದೂರವನ್ನು ಅಳೆಯದೆ ಇದ್ದುದರಿಂದ ಆದವು.

ಆ ದೂರವನ್ನು ಅರಿಯಲು ಓದು ಎಂಬ ಕ್ರಿಯೆಯನ್ನು ಬಿಡಿಸಿ ನೋಡಬೇಕಾಗುತ್ತದೆ. ಫಿಲಿಪ್ ಗಫ್ ಮತ್ತು ವಿಲಿಯಂ ಟನ್ಮರ್ ಎಂಬ ಮನೋವಿಜ್ಞಾನಿಗಳು 1986ರಲ್ಲಿ ಮುಂದಿಟ್ಟ ಒಂದು ಸರಳ ಸೂತ್ರದ ಪ್ರಕಾರ ಓದಿನ ಗ್ರಹಿಕೆಯು ಎರಡು ಅಂಶಗಳ ಗುಣಲಬ್ಧ: ಒಂದು, ಬರಹದ ಗುರುತುಗಳನ್ನು ಮಾತಾಗಿ ಬಿಡಿಸಿಕೊಳ್ಳುವ ಶಕ್ತಿ; ಇನ್ನೊಂದು, ಮಾತನ್ನು ಕೇಳಿ ಅರ್ಥ ಮಾಡಿಕೊಳ್ಳುವ ಶಕ್ತಿ. ಇವು ಕೂಡುವ ಸಂಖ್ಯೆಗಳಲ್ಲ, ಗುಣಿಸುವ ಸಂಖ್ಯೆಗಳು ಎಂಬುದೇ ಸೂತ್ರದ ತಿರುಳು. ಏಕೆಂದರೆ ಎರಡರಲ್ಲಿ ಯಾವುದೊಂದು ಸೊನ್ನೆಯಾದರೂ ಫಲ ಸೊನ್ನೆಯೇ. ಆರು ವರ್ಷದ ಮಗುವಿಗೆ ಎರಡೂ ಅಂಶಗಳು ಬೆಳೆಯುತ್ತಿರುವ ಹಂತದಲ್ಲಿರುತ್ತವೆ. ನಲವತ್ತು ವರ್ಷದ ಅನಕ್ಷರಸ್ಥೆಯಲ್ಲಿಯಾದರೋ ಎರಡನೆಯ ಅಂಶ ತುಂಬಿ ತುಳುಕುತ್ತಿರುತ್ತದೆ: ಬೆಳೆ, ಬಡ್ಡಿ, ನೆಂಟಸ್ತಿಕೆ, ನ್ಯಾಯ ಪಂಚಾಯಿತಿ ಎಲ್ಲವನ್ನೂ ಆಕೆ ಮಾತಿನಲ್ಲಿ ಹಿಡಿದಿಡಬಲ್ಲಳು, ಸಾವಿರ ಸಾಲಿನ ಹಾಡನ್ನು ಬಾಯಿಪಾಠದಲ್ಲಿ ಇಟ್ಟುಕೊಂಡಿರಬಲ್ಲಳು. ಅವಳಿಗೆ ಕೊರತೆ ಇರುವುದು ಮೊದಲ ಅಂಶದಲ್ಲಿ ಮಾತ್ರ. ಅನಕ್ಷರತೆಯನ್ನು ಅಜ್ಞಾನವೆಂದು, ಕತ್ತಲೆಯೆಂದು ಬಣ್ಣಿಸುವ ನಮ್ಮ ಗೋಡೆಬರಹಗಳ ಭಾಷೆ ಈ ಕಾರಣಕ್ಕೆ ಅಸಭ್ಯ ಮಾತ್ರವಲ್ಲ, ವೈಜ್ಞಾನಿಕವಾಗಿಯೂ ತಪ್ಪು. ಲೈಬೀರಿಯಾದ ವಾಯ್ ಜನರಲ್ಲಿ ಶಾಲೆಯ ಹಂಗಿಲ್ಲದೆ ಕಲಿಯುವ ತಮ್ಮದೇ ಲಿಪಿಯೊಂದಿದೆ. ಅವರ ನಡುವೆ ದೀರ್ಘಕಾಲ ಅಧ್ಯಯನ ನಡೆಸಿದ ಸಿಲ್ವಿಯಾ ಸ್ಕ್ರಿಬ್ನರ್ ಮತ್ತು ಮೈಕೆಲ್ ಕೋಲ್ 1981ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ, ಲಿಪಿಜ್ಞಾನವೊಂದೇ ಒಟ್ಟಾರೆ ಆಲೋಚನಾ ಶಕ್ತಿಯನ್ನು ಎತ್ತರಿಸುತ್ತದೆ ಎಂಬ ನಂಬಿಕೆಗೆ ಆಧಾರ ಸಿಗಲಿಲ್ಲವೆಂದೂ ಸಾಮಾನ್ಯವಾಗಿ ಅದರ ಲೆಕ್ಕಕ್ಕೆ ಬರೆಯುವ ಗುಣಗಳಲ್ಲಿ ಹಲವು ಶಾಲಾ ಶಿಕ್ಷಣದ ಫಲಗಳೆಂದೂ ತೋರಿಸಿದ್ದರು.

ಹಾಗೆಂದು ಲಿಪಿ ಏನನ್ನೂ ಬದಲಿಸುವುದಿಲ್ಲವೆಂದಲ್ಲ. 1979ರಲ್ಲಿ ಜೋಸೆ ಮೊರೈಸ್ ಮತ್ತು ಸಂಗಡಿಗರು ಪೋರ್ಚುಗಲ್ಲಿನ ಬಡ ಕೃಷಿಕ ಹಿನ್ನೆಲೆಯ ವಯಸ್ಕರ ಎರಡು ಗುಂಪುಗಳನ್ನು ಹೋಲಿಸಿದರು. ಒಂದು ಗುಂಪಿನವರು ಓದು ಬರಹ ಅರಿಯದವರು, ಇನ್ನೊಂದು ಗುಂಪಿನವರು ದೊಡ್ಡವರಾದ ಮೇಲೆ ಅದನ್ನು ಕಲಿತವರು. ಆಡಿದ ಶಬ್ದದ ಮೊದಲ ಧ್ವನಿಯನ್ನು ತೆಗೆದು ಉಳಿದದ್ದನ್ನು ಹೇಳಬೇಕೆಂದಾಗ ಎರಡನೆಯ ಗುಂಪಿನವರು ಬಹುಮಟ್ಟಿಗೆ ಗೆದ್ದರು, ಮೊದಲ ಗುಂಪಿನವರು ಬಹುಮಟ್ಟಿಗೆ ಸೋತರು. ಮಾತು ಬಿಡಿ ಧ್ವನಿಗಳ ಸರಣಿ ಎಂಬ ಅರಿವು, ಅಂದರೆ ಧ್ವನಿಮಾ ಪ್ರಜ್ಞೆ, ವಯಸ್ಸಿನೊಂದಿಗೆ ತಾನಾಗಿ ಬರುವುದಿಲ್ಲವೆಂದೂ ರೋಮನ್ ಲಿಪಿಯಂತಹ ವರ್ಣಮಾಲೆಯನ್ನು ಕಲಿಯುವಾಗ ಬರುತ್ತದೆಂದೂ ಆ ಪ್ರಯೋಗದಿಂದ ತಿಳಿಯಿತು. ಕನ್ನಡದ ಸಂಗತಿ ಇದಕ್ಕಿಂತ ಬೇರೆ. ಕನ್ನಡದ ಒಂದು ಅಕ್ಷರವು ಸಾಮಾನ್ಯವಾಗಿ ಒಂದು ಧ್ವನಿಯನ್ನಲ್ಲ, ವ್ಯಂಜನ ಮತ್ತು ಸ್ವರ ಕೂಡಿದ ಒಂದು ಉಚ್ಚಾರಾಂಶವನ್ನು ಸೂಚಿಸುತ್ತದೆ. ಮಾತನ್ನು ಉಚ್ಚಾರಾಂಶಗಳಾಗಿ ಕತ್ತರಿಸುವುದು ಅನಕ್ಷರಸ್ಥರಿಗೂ ಕಷ್ಟವಲ್ಲ. ಹಾಡುವವರು, ತಾಳ ಹಾಕುವವರು ದಿನವೂ ಅದನ್ನು ಮಾಡುತ್ತಾರೆ. ಪ್ರತಿಭಾ ಕಾರಂತ, ಪ್ರಕಾಶ್ ಪಡಕಣ್ಣಾಯ ಮೊದಲಾದ ಸಂಶೋಧಕರು ಕನ್ನಡ ಮತ್ತಿತರ ಭಾರತೀಯ ಲಿಪಿಗಳ ಓದುಗರ ನಡುವೆ ನಡೆಸಿದ ಅಧ್ಯಯನಗಳು ಧ್ವನಿಮಾ ಪ್ರಜ್ಞೆ ಅಷ್ಟಾಗಿ ಬೆಳೆಯದಿದ್ದರೂ ಇಂತಹ ಲಿಪಿಗಳಲ್ಲಿ ಸರಾಗವಾಗಿ ಓದಲು ಸಾಧ್ಯವೆಂಬುದರತ್ತ ಬೆರಳು ಮಾಡಿವೆ. ಹೀಗಾಗಿ ಕನ್ನಡ ಕಲಿಯುವ ವಯಸ್ಕರಿಗೆ ಮೊದಲ ಹೆಜ್ಜೆ ಪೋರ್ಚುಗೀಸ್ ರೈತನಿಗಿಂತ ಹಗುರ.

ಕಷ್ಟ ಎದುರಾಗುವುದು ಎರಡನೆಯ ಹೆಜ್ಜೆಯಲ್ಲಿ. ವರ್ಣಮಾಲೆಯ 49 ಅಕ್ಷರಗಳು ಕಲಿಕೆಯ ಹೊಸ್ತಿಲು ಮಾತ್ರ. 34 ವ್ಯಂಜನಗಳಿಗೆ ತಲಕಟ್ಟು, ಗುಡಿಸು, ಕೊಂಬು, ಏತ್ವ, ದೀರ್ಘಗಳು ಸೇರಿ ಕಾಗುಣಿತವಾದಾಗ ರೂಪಗಳ ಸಂಖ್ಯೆ ನಾನೂರನ್ನು ಮೀರುತ್ತದೆ, ಅದರ ಮೇಲೆ ಒತ್ತಕ್ಷರಗಳು ಬರುತ್ತವೆ. ಬಹುತೇಕ ಒತ್ತುಗಳು ಮೂಲ ಅಕ್ಷರವನ್ನೇ ಹೋಲುತ್ತವೆಯಾದರೂ ತ, ನ, ಮ, ಯ, ರ, ಲಗಳ ಒತ್ತುಗಳಿಗೆ ಮೂಲದ ಹೋಲಿಕೆಯೇ ಇಲ್ಲ, ಮತ್ತು ಕನ್ನಡದಲ್ಲಿ ಹೆಚ್ಚು ಬಳಕೆಯಾಗುವ ಒತ್ತುಗಳೂ ಇವೇ. 'ಕೋ' ಎಂಬ ಒಂದು ಅಕ್ಷರದಲ್ಲಿ ಸ್ವರದ ಗುರುತು ಮೂರು ತುಂಡಾಗಿ ಮೇಲೆಯೂ ಬಲಕ್ಕೂ ಹಂಚಿಹೋಗಿರುತ್ತದೆ; ಅರ್ಕಾವೊತ್ತಿನಲ್ಲಿ ಮೊದಲು ಉಚ್ಚರಿಸಬೇಕಾದ ರಕಾರ ಬರಹದಲ್ಲಿ ಆಮೇಲೆ ಬರುತ್ತದೆ. ದ, ಧ, ಥಗಳಿಗೆ ಒಡಲು ಒಂದೇ, ಕೆಳಗಿನ ಸೀಳು ಅಥವಾ ಒಳಗಿನ ಚುಕ್ಕೆಯಷ್ಟೇ ವ್ಯತ್ಯಾಸ. ಇದಕ್ಕಿಂತ ಸೂಕ್ಷ್ಮವಾದ ತೊಡಕೊಂದಿದೆ: ಬಹುಪಾಲು ಹಳ್ಳಿಗರ ಆಡುಮಾತಿನಲ್ಲಿ ಮಹಾಪ್ರಾಣಗಳು ಇಲ್ಲವೇ ಇಲ್ಲದಿರುವುದರಿಂದ, ಧಕಾರದ ಸೀಳನ್ನು ಕಣ್ಣು ಗುರುತಿಸಿದರೂ ಅದಕ್ಕೆ ಜೋಡಿಸಬೇಕಾದ ಧ್ವನಿ ಕಲಿಯುವವರ ಕಿವಿಯಲ್ಲಿ ಇರುವುದಿಲ್ಲ. ಭಾಷಾವಿಜ್ಞಾನಿ ಡಿ. ಎನ್. ಶಂಕರ ಭಟ್ಟರು ಮಹಾಪ್ರಾಣಗಳನ್ನು ಬರಹದಿಂದ ಬಿಡುವ ಸಲಹೆ ಮುಂದಿಟ್ಟಾಗ ಎದ್ದ ವಾದವಿವಾದಗಳು ಹೆಚ್ಚಾಗಿ ಭಾಷೆಯ ಅಭಿಮಾನದ ಸುತ್ತ ಸುಳಿದವು; ಓದು ಕಲಿಯುವ ವಯಸ್ಕರ ಹೊರೆಯ ಕಡೆಯಿಂದ ಅದನ್ನು ನೋಡಿದವರು ಕಡಿಮೆ. ಸೋನಾಲಿ ನಾಗ್ ಅವರು ಕನ್ನಡ ಶಾಲಾಮಕ್ಕಳ ಕುರಿತು 2007ರಲ್ಲಿ ಪ್ರಕಟಿಸಿದ ಅಧ್ಯಯನವು ಅಕ್ಷರ ಸಂಪತ್ತಿನ ಕಲಿಕೆ ಒಂದನೆಯ ತರಗತಿಯಲ್ಲಿ ಮುಗಿಯದೆ ಹಲವು ವರ್ಷಗಳವರೆಗೆ ಚಾಚಿಕೊಳ್ಳುತ್ತದೆಂದು ತೋರಿಸಿತು. ದಿನಕ್ಕೆ ಐದಾರು ತಾಸು ಶಾಲೆಯಲ್ಲಿ ಕೂರುವ ಮಕ್ಕಳಿಗೇ ಇಷ್ಟು ವರ್ಷ ಹಿಡಿಯುವ ಕೆಲಸವನ್ನು, ಹಗಲೆಲ್ಲ ಕಳೆ ಕಿತ್ತು ಬಂದು ರಾತ್ರಿ ಒಂದು ತಾಸು ಕೂರುವವರಿಂದ ಆರೇಳು ತಿಂಗಳಲ್ಲಿ ನಿರೀಕ್ಷಿಸಲಾಗಿತ್ತು.

ವಯಸ್ಕರ ಮಿದುಳು ಇದಕ್ಕೆ ಒಗ್ಗುವುದೇ ಎಂಬ ಪ್ರಶ್ನೆಗೆ ಈಗ ಸಾಕಷ್ಟು ಖಚಿತ ಉತ್ತರವಿದೆ. ಬರಹವು ಮನುಷ್ಯನಿಗೆ ಐದಾರು ಸಾವಿರ ವರ್ಷಗಳಷ್ಟೇ ಹಳೆಯದಾದ್ದರಿಂದ ಅದಕ್ಕಾಗಿ ವಿಕಾಸಗೊಂಡ ಭಾಗ ಮಿದುಳಿನಲ್ಲಿ ಇರಲಾರದು. ವಸ್ತು ಮತ್ತು ಮುಖಗಳನ್ನು ಗುರುತಿಸಲು ಬಳಕೆಯಾಗುವ, ಎಡ ಮಿದುಳಿನ ಹಿಂಭಾಗದ ತಳದಲ್ಲಿರುವ ದೃಷ್ಟಿ ಪ್ರದೇಶದ ಒಂದು ಪಾಲು ಓದು ಕಲಿತಂತೆ ಅಕ್ಷರಗಳಿಗೆ ಸ್ಪಂದಿಸಲಾರಂಭಿಸುತ್ತದೆ. ಸ್ತಾನಿಸ್ಲಾಸ್ ದೆಹಾನ್ ನೇತೃತ್ವದ ತಂಡವು 2010ರಲ್ಲಿ ಬ್ರೆಜಿಲ್ ಮತ್ತು ಪೋರ್ಚುಗಲ್ಲಿನ 63 ವಯಸ್ಕರ ಮಿದುಳನ್ನು ಸ್ಕ್ಯಾನ್ ಮಾಡಿ, ಬಾಲ್ಯದಲ್ಲಿ ಓದು ಕಲಿತವರಲ್ಲಿ ಮಾತ್ರವಲ್ಲದೆ ದೊಡ್ಡವರಾದ ಮೇಲೆ ಕಲಿತವರಲ್ಲೂ ಈ ಬದಲಾವಣೆಗಳಲ್ಲಿ ಬಹುಪಾಲು ಕಾಣಿಸಿಕೊಳ್ಳುವುದನ್ನು ದಾಖಲಿಸಿತು. ಅಕ್ಷರಗಳಿಗೆ ಜಾಗ ಬಿಟ್ಟುಕೊಟ್ಟದ್ದರಿಂದ ಮುಖಗಳನ್ನು ಗುರುತಿಸುವ ಶಕ್ತಿಗೆ ನಷ್ಟವಾಗುತ್ತದೆಯೇ ಎಂಬ ಶಂಕೆ ಆಗ ಹುಟ್ಟಿತ್ತು. ಉತ್ತರ ಪ್ರದೇಶದ ಲಕ್ನೋ ಸುತ್ತಲಿನ ಹಳ್ಳಿಗಳ ಜನರಲ್ಲಿ ಫಾಕ್ ಹ್ಯೂಟಿಗ್ ಮತ್ತಿತರರು ನಡೆಸಿದ, 2019ರಲ್ಲಿ ಪ್ರಕಟವಾದ ಅಧ್ಯಯನವು ಅಂತಹ ನಷ್ಟಕ್ಕೆ ಪುರಾವೆ ಕಾಣಲಿಲ್ಲ. ಅದೇ ಪ್ರದೇಶದಲ್ಲಿ ಆರು ತಿಂಗಳು ದೇವನಾಗರಿ ಕಲಿತ ವಯಸ್ಕರ ಮಿದುಳಿನ ಜಾಲಗಳಲ್ಲಿ ಬದಲಾವಣೆ ಕಂಡದ್ದು 2017ರಲ್ಲೇ ವರದಿಯಾಗಿತ್ತು. ಆದ್ದರಿಂದ 'ಈ ವಯಸ್ಸಿಗೆ ತಲೆಗೆ ಹತ್ತುವುದಿಲ್ಲ' ಎಂಬ, ಕಲಿಯುವವರೇ ಹೆಚ್ಚಾಗಿ ಆಡುವ ಮಾತಿಗೆ ನರವಿಜ್ಞಾನದ ಬೆಂಬಲವಿಲ್ಲ. ಕಣ್ಣಿನ ಬೆಂಬಲ ಮಾತ್ರ ಸ್ವಲ್ಪ ಇದೆ: ನಲವತ್ತರ ಆಸುಪಾಸಿನಲ್ಲಿ ಹತ್ತಿರದ ವಸ್ತು ಮಸುಕಾಗುವ ಚಾಳೀಸು ಬರುತ್ತದೆ, ರಾತ್ರಿ ಶಾಲೆಯ ಮಂದ ಬೆಳಕಿನಲ್ಲಿ ಅದು ಇಮ್ಮಡಿಸುತ್ತದೆ, ಮತ್ತು ಕಲಿಕೆ ಬಿಟ್ಟುಹೋದವರಲ್ಲಿ ಎಷ್ಟೋ ಮಂದಿಗೆ ಬೇಕಾಗಿದ್ದದ್ದು ಹೊಸ ಬೋಧನ ಪದ್ಧತಿಯಲ್ಲ, ಒಂದು ಅಗ್ಗದ ಕನ್ನಡಕ.

ಮಿದುಳು ಒಗ್ಗುತ್ತದೆಯಾದರೂ ಎಷ್ಟು ವೇಗಕ್ಕೆ ಒಗ್ಗುತ್ತದೆ ಎಂಬುದರಲ್ಲೇ ವಿಷಯದ ಮರ್ಮವಿದೆ. ನುರಿತ ಓದುಗರು ಅಕ್ಷರಗಳನ್ನು ಬಿಡಿಬಿಡಿಯಾಗಿ ಗುರುತಿಸುವುದಿಲ್ಲ. ಪ್ರಯತ್ನವೇ ಇಲ್ಲದೆ, ತಡೆಯಲೂ ಆಗದಂತೆ, ಪದವು ಒಟ್ಟಾಗಿ ಕಣ್ಣಿಗೆ ಬೀಳುತ್ತದೆ. ಇದನ್ನು ಸ್ವಯಂಚಾಲಿತ ಓದು ಎನ್ನುತ್ತಾರೆ. ಈ ಹಂತ ತಲುಪದವರಲ್ಲಿ ಮನಸ್ಸಿನ ದುಡಿಮೆಯೆಲ್ಲ ಅಕ್ಷರ ಬಿಡಿಸುವುದಕ್ಕೇ ವ್ಯಯವಾಗುತ್ತದೆ, ಅರ್ಥಕ್ಕೆ ಏನೂ ಉಳಿಯುವುದಿಲ್ಲ. ಯಾಕೆಂದರೆ ಓದಿದ್ದನ್ನು ವಾಕ್ಯ ಮುಗಿಯುವವರೆಗೆ ಹಿಡಿದಿಟ್ಟುಕೊಳ್ಳುವ ಕಾರ್ಯಸ್ಮೃತಿಗೆ ಕಾಲದ ಮಿತಿಯಿದೆ. ವಯಸ್ಕರ ಸಾಕ್ಷರತೆಯನ್ನು ಅರಿವಿನ ವಿಜ್ಞಾನದ ದೃಷ್ಟಿಯಿಂದ ಪರಿಶೀಲಿಸಿದ ಹೆಲೆನ್ ಅಬಾಡ್ಜಿ ಈ ಮಿತಿಯನ್ನು ಸುಮಾರು 12 ಸೆಕೆಂಡು ಎಂದಿಟ್ಟುಕೊಂಡು, ಅಷ್ಟರೊಳಗೆ ಒಂದು ವಾಕ್ಯ ಮುಗಿಯಬೇಕಾದರೆ ನಿಮಿಷಕ್ಕೆ ಕನಿಷ್ಠ 45ರಿಂದ 60 ಪದಗಳ ವೇಗ ಬೇಕೆಂದು ವಾದಿಸಿದ್ದಾರೆ. ಹರೆಯ ದಾಟಿದ ಮೇಲೆ ಹೊಸ ಲಿಪಿಯಲ್ಲಿ ಈ ವೇಗ ಗಳಿಸುವುದು ಬಾಲ್ಯದಲ್ಲಿ ಗಳಿಸಿದಷ್ಟು ಸುಲಭವಲ್ಲವೆಂಬುದೂ ಅವರ ನಿಲುವು.

1988ರ ಮೇ 5ರಂದು ಆರಂಭವಾದ ರಾಷ್ಟ್ರೀಯ ಸಾಕ್ಷರತಾ ಮಿಷನ್ ನಿಗದಿಪಡಿಸಿದ ಮಾನದಂಡವನ್ನು ಇದರ ಪಕ್ಕದಲ್ಲಿಟ್ಟು ನೋಡಬೇಕು: ಸರಳ ಭಾಗವನ್ನು ನಿಮಿಷಕ್ಕೆ 30 ಪದಗಳ ವೇಗದಲ್ಲಿ ಗಟ್ಟಿಯಾಗಿ, 35 ಪದಗಳ ವೇಗದಲ್ಲಿ ಮೌನವಾಗಿ ಓದುವುದು, ನಿಮಿಷಕ್ಕೆ 7 ಪದ ನೋಡಿ ಬರೆಯುವುದು, 5 ಪದ ಉಕ್ತಲೇಖನ ತೆಗೆದುಕೊಳ್ಳುವುದು. ನಿಮಿಷಕ್ಕೆ 30 ಎಂದರೆ ಪದಕ್ಕೆ ಎರಡು ಸೆಕೆಂಡು, 12 ಸೆಕೆಂಡಿಗೆ ಆರು ಪದ. ಪಡಿತರ ಅಂಗಡಿಯ ಸೂಚನಾ ಫಲಕದಲ್ಲಿ 'ಈ ತಿಂಗಳ ಪಡಿತರವನ್ನು ಇಪ್ಪತ್ತೈದನೆಯ ತಾರೀಖಿನೊಳಗೆ ಪಡೆದುಕೊಳ್ಳತಕ್ಕದ್ದು' ಎಂದು ಬರೆದರೆ ಅಲ್ಲಿರುವುದು ಆರೇ ಪದ, ಆದರೆ 30 ಅಕ್ಷರ. ಇಂಗ್ಲಿಷಿನಂತಹ ಭಾಷೆಗಳಿಗೆ ಹೊಂದುವ ಪದಗಳ ಲೆಕ್ಕ ಪ್ರತ್ಯಯಗಳನ್ನು ಬೆನ್ನಿಗಂಟಿಸಿಕೊಂಡು ಉದ್ದವಾಗುವ ಕನ್ನಡಕ್ಕೆ ಹೊಂದುವುದಿಲ್ಲ. ಇಲ್ಲಿ ಅಕ್ಷರಗಳನ್ನೇ ಎಣಿಸುವುದು ನ್ಯಾಯ, ಸೆಕೆಂಡಿಗೆ ಎರಡು ಅಕ್ಷರ ಬಿಡಿಸುವವರಿಗೆ ಆ ಫಲಕ 15 ಸೆಕೆಂಡಿನ ಕೆಲಸ. ಇನ್ನೂ ಒಂದು ಮಾತು. ಕನ್ನಡದಲ್ಲಿ ಕ್ರಿಯಾಪದ ವಾಕ್ಯದ ಕೊನೆಗೆ ಬರುತ್ತದೆ, ನಿಷೇಧವೂ ಅದರ ಬಾಲಕ್ಕೇ ಅಂಟಿರುತ್ತದೆ. 'ಕೊಡಲಾಗುವುದು' ಮತ್ತು 'ಕೊಡಲಾಗುವುದಿಲ್ಲ' ಎಂಬುದರ ನಡುವಣ ತೀರ್ಮಾನ ಕಟ್ಟಕಡೆಯ ಅಕ್ಷರಗಳಲ್ಲಿ ಆಗುತ್ತದೆ, ನಿಧಾನವಾಗಿ ಓದುವವರು ಅಲ್ಲಿಗೆ ತಲುಪುವ ಹೊತ್ತಿಗೆ ಏನನ್ನು ಕೊಡುತ್ತಾರೆಂಬುದೇ ಮರೆತುಹೋಗಿರುತ್ತದೆ. ಹೀಗೆ ಮಾನದಂಡದ ಪ್ರಕಾರ ತೇರ್ಗಡೆಯಾದ ನವಸಾಕ್ಷರರು, ಅಂದರೆ ಹೊಸದಾಗಿ ಓದು ಕಲಿತ ವಯಸ್ಕರು, ಅರ್ಥದ ಅಂಚಿನಲ್ಲಿ ನಿಂತಿರುತ್ತಾರೆ, ಒಳಗೆ ಹೊಕ್ಕಿರುವುದಿಲ್ಲ. ಓದಿದರೆ ಏನೂ ಸಿಗದು, ಸಿಗದ್ದರಿಂದ ಓದುವುದಿಲ್ಲ, ಓದದ್ದರಿಂದ ಇದ್ದ ವೇಗವೂ ಕುಂದುತ್ತದೆ. ಎರಡು ಮೂರು ವರ್ಷಗಳಲ್ಲಿ ಸಹಿಯೊಂದು ಉಳಿಯುತ್ತದೆ.

ಈ ಹಿನ್ನೆಲೆಯಲ್ಲಿ ಸಾಕ್ಷರತಾ ಚಳವಳಿಗಳ ಇತಿಹಾಸವನ್ನು ನೋಡಿದರೆ ಅವುಗಳ ಸಾಧನೆಯೂ ಮಿತಿಯೂ ಒಟ್ಟಿಗೇ ತಿಳಿಯುತ್ತವೆ. 1978ರ ಅಕ್ಟೋಬರ್ 2ರಂದು ಆರಂಭವಾದ ರಾಷ್ಟ್ರೀಯ ವಯಸ್ಕರ ಶಿಕ್ಷಣ ಕಾರ್ಯಕ್ರಮವು ಗೌರವಧನ ಪಡೆಯುವ ಬೋಧಕರು ನಡೆಸುವ ಕೇಂದ್ರಗಳನ್ನು ನೆಚ್ಚಿತ್ತು. ಮಿಷನ್ ಬಂದ ಮೇಲೆ ಇಡೀ ಜಿಲ್ಲೆಯನ್ನು ಘಟಕವಾಗಿಟ್ಟುಕೊಂಡು, ಸಂಬಳವಿಲ್ಲದ ಸ್ವಯಂಸೇವಕರನ್ನು ಕಲೆಹಾಕಿ, ಜಾಥಾ ಮತ್ತು ಬೀದಿನಾಟಕಗಳ ಮೂಲಕ ಊರನ್ನೇ ಎಬ್ಬಿಸುವ ಆಂದೋಲನದ ಮಾದರಿ ನೆಲೆಯೂರಿತು. ಕೇರಳದ ಎರ್ನಾಕುಲಂ 1990ರಲ್ಲಿ ಸಂಪೂರ್ಣ ಸಾಕ್ಷರ ಜಿಲ್ಲೆಯೆನಿಸಿತು; ಕರ್ನಾಟಕದಲ್ಲಿ ದಕ್ಷಿಣ ಕನ್ನಡ ಮತ್ತು ಆಗಿನ ಬಿಜಾಪುರ ಜಿಲ್ಲೆಗಳು ತೊಂಬತ್ತರ ದಶಕದ ಆರಂಭದಲ್ಲೇ ಈ ದಾರಿ ಹಿಡಿದವು. ಆಂದೋಲನಗಳು ಅಕ್ಷರಕ್ಕಿಂತ ಹೆಚ್ಚಿನದನ್ನು ಸಾಧಿಸಿದ್ದು ನಿಜ: ತಮಿಳುನಾಡಿನ ಪುದುಕ್ಕೋಟೈಯಲ್ಲಿ ಸಾವಿರಾರು ಮಹಿಳೆಯರು ಸೈಕಲ್ ಏರಿದರು, ಆಂಧ್ರದ ನೆಲ್ಲೂರು ಜಿಲ್ಲೆಯಲ್ಲಿ ಸಾಕ್ಷರತಾ ತರಗತಿಗಳಲ್ಲಿ ಒಟ್ಟುಗೂಡಿದ ಹೆಂಗಸರು ಸಾರಾಯಿ ವಿರುದ್ಧ ಎದ್ದು ನಿಂತರು. ಪುಸ್ತಕದ ಓದು ನಿಂತ ಮೇಲೂ ಉಳಿದ ಧೈರ್ಯ ಅದು, ಅದನ್ನು ಕಡಿಮೆಯೆನ್ನುವಂತಿಲ್ಲ. ಆದರೆ ಆಂದೋಲನದ ಬಿಸಿ ಒಂದೆರಡು ವರ್ಷಕ್ಕೆ ಆರುತ್ತದೆ, ಓದಿನ ವೇಗ ಪಕ್ವವಾಗಲು ಅದಕ್ಕಿಂತ ಹೆಚ್ಚು ಕಾಲ ಬೇಕು. ಮುಂದುವರಿಕೆ ಶಿಕ್ಷಣ ಕೇಂದ್ರಗಳೂ ಅವುಗಳನ್ನು ನಡೆಸುವ ಪ್ರೇರಕರೂ ಈ ಅಂತರವನ್ನು ತುಂಬಬೇಕಾಗಿತ್ತು. ಅನುದಾನ ಮತ್ತು ಗೌರವಧನ ಕುಂಟಿದಲ್ಲೆಲ್ಲ ಕೇಂದ್ರಗಳಿಗೆ ಬೀಗ ಬಿತ್ತು. ಹಳೆಯ ಮೈಸೂರಿನವರಿಗೆ ಈ ತಿಳಿವಳಿಕೆ ಮೊದಲೇ ಇತ್ತೆಂಬುದನ್ನು ಇಲ್ಲಿ ನೆನೆಯಬೇಕು: 1940ರ ದಶಕದಲ್ಲಿ ರೂಪುಗೊಂಡ ಮೈಸೂರು ರಾಜ್ಯ ವಯಸ್ಕರ ಶಿಕ್ಷಣ ಸಮಿತಿಯು ತರಗತಿಗಳ ಜೊತೆಗೇ 'ಬೆಳಕು' ವಾರಪತ್ರಿಕೆ, 'ಪುಸ್ತಕ ಪ್ರಪಂಚ' ಮಾಸಪತ್ರಿಕೆ ಮತ್ತು ಗ್ರಾಮ ಗ್ರಂಥಾಲಯಗಳನ್ನು ನಡೆಸಿ, ಕಲಿತವರಿಗೆ ಓದಲು ಏನಾದರೂ ಸಿಗುತ್ತಿರುವಂತೆ ನೋಡಿಕೊಂಡಿತ್ತು.

ಓದಲು ಏನು ಸಿಗಬೇಕೆಂಬುದು ಭಾಷೆಯ ಪ್ರಶ್ನೆಯೂ ಹೌದು. 'ಹೋಗ್ಯಾರ', 'ಬರ್ತದ' ಎನ್ನುವ ಕಲಬುರಗಿ ಸೀಮೆಯವರ ಮುಂದೆ ಪಠ್ಯವು 'ಹೋಗಿದ್ದಾರೆ', 'ಬರುತ್ತದೆ' ಎಂದು ತೆರೆದುಕೊಂಡಾಗ ಬಿಡಿಸಿದ ಅಕ್ಷರಗಳು ಬಾಯಿಗೆ ಬಂದ ಮೇಲೂ ಅದು ತಮ್ಮ ಮಾತೆಂಬ ಗುರುತು ತಡವಾಗಿ ಹತ್ತುತ್ತದೆ, ತಾಂಡಾಗಳಲ್ಲಿ ಲಂಬಾಣಿ ಆಡುವವರಿಗಂತೂ ಲಿಪಿಯ ಜೊತೆ ಭಾಷೆಯನ್ನೂ ಕಲಿಯಬೇಕಾಗುತ್ತದೆ. ತುಳು ಆಡುವ ಕರಾವಳಿಯಲ್ಲೂ ಇದೇ ಸ್ಥಿತಿಯಿದ್ದರೂ ಅಲ್ಲಿ ಕನ್ನಡ ಶಾಲೆ, ಪತ್ರಿಕೆ, ಯಕ್ಷಗಾನಗಳ ದೀರ್ಘ ಒಡನಾಟ ಆ ತೊಡಕನ್ನು ತಗ್ಗಿಸಿದೆ. ಮೊದಲ ಕೆಲವು ತಿಂಗಳ ಪಾಠಗಳನ್ನು ಆಡುಮಾತಿನಲ್ಲೇ ಅಚ್ಚು ಮಾಡುವುದು ಗ್ರಾಂಥಿಕ ಭಾಷೆಗೆ ಮಾಡುವ ಅಪಚಾರವಲ್ಲ. ಗಫ್ ಮತ್ತು ಟನ್ಮರ್ ಸೂತ್ರದ ಎರಡನೆಯ ಅಂಶವನ್ನು ಪೂರ್ಣವಾಗಿ ದುಡಿಸಿಕೊಳ್ಳುವ ಉಪಾಯ ಅದು.

ವೇಗಕ್ಕೆ ಬೇಕಾದದ್ದು ಅಭ್ಯಾಸ, ಅಭ್ಯಾಸಕ್ಕೆ ಬೇಕಾದದ್ದು ಬೇಸರ ತಾರದ, ದಿನವೂ ಕಣ್ಣಿಗೆ ಬೀಳುವ ಬರಹ. ಅಹಮದಾಬಾದಿನ ಭಾರತೀಯ ನಿರ್ವಹಣಾ ಸಂಸ್ಥೆಯಲ್ಲಿದ್ದ ಬ್ರಿಜ್ ಕೊಠಾರಿ 1990ರ ದಶಕದಲ್ಲಿ ಸೂಚಿಸಿದ ಉಪಾಯ ಇದಕ್ಕೆ ಚೆನ್ನಾಗಿ ಒಪ್ಪುತ್ತದೆ: ದೂರದರ್ಶನದ ಚಿತ್ರಗೀತೆಗಳ ಅಡಿಯಲ್ಲಿ ಅದೇ ಭಾಷೆಯ ಸಾಹಿತ್ಯವನ್ನು, ಹಾಡುವ ಪದಕ್ಕೆ ಸರಿಯಾಗಿ ಬಣ್ಣ ಬದಲಿಸುತ್ತ ತೋರಿಸುವುದು. ಬಾಯಿಗೆ ಬರುವ ಹಾಡಿನ ಮುಂದಿನ ಪದ ಮೊದಲೇ ಗೊತ್ತಿರುವುದರಿಂದ ಕಣ್ಣು ಅದನ್ನು ಹಿಂಬಾಲಿಸುತ್ತ ತಿಳಿಯದೆಯೇ ವೇಗ ಪಡೆಯುತ್ತದೆ, ಖರ್ಚು ಅತ್ಯಲ್ಪ. ಆಫ್ರಿಕಾದ ನೈಜರ್‌ನಲ್ಲಿ ಜೆನ್ನಿ ಏಕರ್ ಮತ್ತು ಸಂಗಡಿಗರು 2009ರಿಂದ ನಡೆಸಿದ ಪ್ರಯೋಗದಲ್ಲಿ, ವಯಸ್ಕರ ತರಗತಿಗಳಿಗೆ ಸಾದಾ ಮೊಬೈಲ್ ಫೋನ್ ಬಳಕೆಯ ಪಾಠವನ್ನು ಸೇರಿಸಿದ ಹಳ್ಳಿಗಳ ಕಲಿಕಾರ್ಥಿಗಳು ಉಳಿದವರಿಗಿಂತ ಹೆಚ್ಚು ಅಂಕ ಪಡೆದರು. ಕರೆಗಿಂತ ಸಂದೇಶ ಅಗ್ಗವಾಗಿದ್ದುದರಿಂದ ತರಗತಿಯ ಹೊರಗೂ ಅವರು ಓದಿ ಬರೆಯುವ ಕಾರಣ ಹುಟ್ಟಿತ್ತು. ಇಂದಿನ ಸ್ಮಾರ್ಟ್‌ಫೋನು ಆ ಕಾರಣವನ್ನು ಕಿತ್ತುಕೊಳ್ಳುತ್ತಿದೆ, ಧ್ವನಿ ಸಂದೇಶ ಮತ್ತು ವಿಡಿಯೊಗಳಿಗೆ ಓದು ಬೇಕಿಲ್ಲ. ಕರ್ನಾಟಕದ ಗ್ರಾಮ ಪಂಚಾಯಿತಿ ಗ್ರಂಥಾಲಯಗಳು ಈಗ 'ಅರಿವು ಕೇಂದ್ರ'ಗಳೆಂಬ ಹೆಸರಿನಲ್ಲಿ ಹೊಸ ಚೈತನ್ಯ ಪಡೆದಿದ್ದು ಅಲ್ಲಿ ಮಕ್ಕಳ ಸದ್ದು ಕೇಳಿಸುತ್ತಿದೆ; ದಪ್ಪ ಅಕ್ಷರದ, ಚಿಕ್ಕ ವಾಕ್ಯಗಳ, ಆದರೆ ದೊಡ್ಡವರ ಬದುಕಿಗೆ ಸೇರಿದ ಪುಸ್ತಕಗಳಿಗೆಂದು ಅಲ್ಲಿ ಒಂದು ಕಪಾಟು ಮೀಸಲಾದರೆ ಅಜ್ಜಿಯರೂ ಮೊಮ್ಮಕ್ಕಳ ಜೊತೆ ಬಂದಾರು.

ಮನೆಯಲ್ಲಿ ಓದಬಲ್ಲ ಮಗುವೊಂದಿರುವುದು ಚಿಕ್ಕ ಸಂಗತಿಯಲ್ಲ. ಕೌಶಿಕ್ ಬಸು ಮತ್ತು ಜೇಮ್ಸ್ ಫಾಸ್ಟರ್ ಎಂಬ ಅರ್ಥಶಾಸ್ತ್ರಜ್ಞರು 1998ರಲ್ಲಿ ಸಾಕ್ಷರತೆಯನ್ನು ಅಳೆಯುವ ಹೊಸ ವಿಧಾನವೊಂದನ್ನು ಮುಂದಿಟ್ಟು, ಸಾಕ್ಷರರೊಬ್ಬರಿರುವ ಮನೆಯ ಅನಕ್ಷರಸ್ಥರನ್ನೂ ಯಾರೊಬ್ಬರೂ ಓದಲಾರದ ಮನೆಯ ಅನಕ್ಷರಸ್ಥರನ್ನೂ ಬೇರೆ ಬೇರೆಯಾಗಿ ಎಣಿಸಬೇಕೆಂದರು. ಮೊದಲನೆಯವರು ಔಷಧದ ಚೀಟಿಯನ್ನೋ ಪಹಣಿಯನ್ನೋ ಓದಿಸಿಕೊಳ್ಳಬಲ್ಲರು, ಎರಡನೆಯವರು ಹೊರಗಿನವರ ಕೈಗೆ ಅದನ್ನು ಕೊಡಬೇಕು. ಬಾಂಗ್ಲಾದೇಶದ ದತ್ತಾಂಶವನ್ನು ಪರಿಶೀಲಿಸಿದ ಮುಂದಿನ ಅಧ್ಯಯನವೊಂದು ಸಾಕ್ಷರರ ಜೊತೆ ಬಾಳುವ ಅನಕ್ಷರಸ್ಥರು ಹೆಚ್ಚು ಗಳಿಸುತ್ತಾರೆಂದೂ ಈ ಲಾಭ ಮಹಿಳೆಯರಿಗೆ ಇನ್ನೂ ಅಧಿಕವೆಂದೂ ಕಂಡುಕೊಂಡಿತು. ಇದರ ಅರ್ಥ, ಹಣ ಮತ್ತು ಬೋಧಕರು ಕಡಿಮೆಯಿರುವಾಗ ಮೊದಲ ಕರೆ ಒಬ್ಬ ಓದುಗರೂ ಇಲ್ಲದ ಮನೆಗಳಿಗೆ ಹೋಗಬೇಕು, ಅಂಕಿಯನ್ನು ಬೇಗ ಏರಿಸುವ ಮನೆಗಳಿಗಲ್ಲ.

ಕೇಂದ್ರ ಸರ್ಕಾರದ ಈಗಿನ 'ಉಲ್ಲಾಸ್' ಕಾರ್ಯಕ್ರಮವು 2022ರಿಂದ 2027ರ ಅವಧಿಯದು. ಓದು, ಬರಹ, ಲೆಕ್ಕಗಳಿಗೆ ತಲಾ 50ರಂತೆ 150 ಅಂಕಗಳ ಲಿಖಿತ ಪರೀಕ್ಷೆ ಅದರ ಅಳತೆಗೋಲು, ಸಾಕ್ಷರತೆಯಲ್ಲಿ ಶೇ. 95ನ್ನು ದಾಟಿದ ರಾಜ್ಯ ಅಥವಾ ಕೇಂದ್ರಾಡಳಿತ ಪ್ರದೇಶವನ್ನು ಪೂರ್ಣ ಸಾಕ್ಷರವೆಂದು ಪರಿಗಣಿಸಬಹುದೆಂಬುದು ಅದರ ನಿಯಮ, ಮತ್ತು ಲಡಾಖ್, ಮಿಜೋರಾಂ, ಗೋವಾಗಳು ಈಗಾಗಲೇ ಆ ಘೋಷಣೆ ಮಾಡಿವೆ. ಘೋಷಣೆಯಾದ ಒಂದು ವರ್ಷದ ಬಳಿಕ ಅದೇ ಕಲಿಕಾರ್ಥಿಗಳನ್ನು ಕೂರಿಸಿಕೊಂಡು, ಕೈಯಲ್ಲಿ ಗಡಿಯಾರ ಹಿಡಿದು, ಹೊಸದೊಂದು ಪುಟವನ್ನು ಓದಿಸಿ ಅರ್ಥ ಕೇಳುವ ಪರೀಕ್ಷೆಯೊಂದು ನಡೆಯದಿದ್ದರೆ ಆ ಶೇಕಡಾವಾರು ಎಷ್ಟು ಮಂದಿ ಅಕ್ಷರ ಕಂಡರೆಂಬುದನ್ನು ಹೇಳೀತೇ ಹೊರತು ಎಷ್ಟು ಮಂದಿ ಓದುತ್ತಿದ್ದಾರೆಂಬುದನ್ನು ಹೇಳಲಾರದು.